ಸಿನಿಮಾ ನೋಡುತ್ತಾ ತಾತ ಕೇಳಿದ್ದು
(ಬಂಗಾರಪೇಟೆಯ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದು ಅಂತ ಕರೆದಿರಿ. ಇವತ್ತು ಕವಿತೆ ಬೇಡ, ಒಂದು ಸಿನಿಮಾ ಬಗ್ಗೆ ಮಾತಾಡ್ತೀನಿ. ಹಿರಿಯರು ಬೈಯಬಾರದು.

2018ರ ಡಿಸೆಂಬರ್ 21ಕ್ಕೆ ‘ಕೆ.ಜಿ.ಎಫ್’ ಮೊದಲ ಭಾಗ ಬಂತು. ನಾನಾಗ ಎಸ್.ಎಸ್.ಎಲ್.ಸಿ. ನಮ್ಮೂರಿನ ಹೆಸರೇ ಸಿನಿಮಾದ ಹೆಸರು! ನಾವು ಹುಡುಗರು ಜಾರಿ ಆಡಿದ ಸೈನೈಡ್ ಗುಡ್ಡದ ಮೇಲೇ ಶೂಟಿಂಗ್ ಮಾಡಿದ್ದರು. ಒಂದು ವಾರ ನನಗೆ ಓದೂ ಇಲ್ಲ, ನಿದ್ದೆಯೂ ಇಲ್ಲ.

ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಬಂದೆವು. ಜೊತೆಗೆ ತಾತ. ತಾತ ಗಣಿಯೊಳಗೆ ಇಳಿದು ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ದಿನದವರೆಗೂ ಕೆಲಸದಲ್ಲಿದ್ದರು. ಕಲ್ಲಿನ ಧೂಳು ಕುಡಿದ ಎದೆ. ಟಾಕೀಸಿನ ಮೆಟ್ಟಿಲು ಹತ್ತೋಕೆ ಮೂರು ಸಲ ನಿಂತರು. ಸಿನಿಮಾ ಶುರುವಾಯ್ತು ಅಂತ ನಾನು ಅವರ ಕೈ ಎಳೀತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಒಳಗೆ ಕಾಗದ ಹರಿದು ತೂರಿದ್ದು, ಸೀಟಿನ ಮೇಲೆ ನಿಂತದ್ದು, ಶಿಳ್ಳೆ ಹೊಡೆದು ಗಂಟಲು ಕಟ್ಟಿದ್ದು, ಎಲ್ಲಾ ನಿಜ. ಯಶ್ ಬಂದಾಗ ನಾನೇ ಬಂದ ಹಾಗಿತ್ತು. ಆ ಮಧ್ಯಾಹ್ನದ ಸುಖವನ್ನು ನಾನು ಇವತ್ತೂ ಬಿಟ್ಟುಕೊಡೋದಿಲ್ಲ. ಲೈನ್ ಮನೆ ಹುಡುಗನಿಗೆ ತಲೆ ಎತ್ತಿ ನಡೆಯೋ ಒಂದು ನಡಿಗೆ ಸಿಕ್ಕಿತ್ತು.

ನಮ್ಮ ಮನೆ ಮಾತು ತಮಿಳು. ತಾತನಿಗೆ ಕನ್ನಡ ಬರುತ್ತೆ, ಆದರೆ ಓಡೋ ಡೈಲಾಗು ಹಿಡಿಯೋಕೆ ಆಗ್ತಿರಲಿಲ್ಲ. ನಾನು ಕಿವಿಯಲ್ಲಿ ತಮಿಳು ಮಾಡಿ ಹೇಳ್ತಿದ್ದೆ. ಗಣಿ ಬಂತು. ಸಾವಿರಾರು ಗುಲಾಮರು, ಬಂದೂಕು, ಕಣ್ಣು ಕಾಣದವನನ್ನು ಕೊಲ್ಲೋ ಕಾವಲುಗಾರರು. ತಾತ ನನ್ನ ತೋಳು ತಟ್ಟಿ ಕೇಳಿದರು:

“ಇಷ್ಟು ಜನ ಇದ್ದಾರಲ್ಲಪ್ಪಾ, ಇವರಿಗೆ ಯೂನಿಯನ್ ಇಲ್ವಾ?”

ಹಿಂದಿನ ಸಾಲಿನವರು ನಕ್ಕುಬಿಟ್ಟರು. “ಸುಮ್ನಿರು ತಾತಾ” ಅಂದೆ. ಮತ್ತೆ ಅವರು ಏನೂ ಕೇಳಲಿಲ್ಲ. ಆಚೆ ಬಂದು ಪಾನಿಪುರಿ ತಿಂದೆವು. ಇಡೀ ದಾರಿ ನಾನೊಬ್ಬನೇ ಮಾತಾಡಿದೆ.

ಬಿ.ಎ.ಗೆ ಸೇರಿ ಲೈಬ್ರರಿ ಹೊಕ್ಕ ಮೇಲೆ ಆ ಪ್ರಶ್ನೆ ನನ್ನನ್ನು ಹಿಡಿದುಕೊಳ್ತು. ಸಿನಿಮಾದಲ್ಲಿ ಚಿನ್ನ ಸಿಕ್ಕೋದು 1951ರಲ್ಲಿ. ನಮ್ಮವರು ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದು ಜಾನ್ ಟೇಲರ್ ಕಂಪನಿಗೆ ಗಣಿ ತೋಡಿದ್ದು 1880ರ ದಶಕದಿಂದ. ಅಯೋತ್ತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ನಮ್ಮ ಮಾರಿಕುಪ್ಪಂನಲ್ಲಿತ್ತು. 1930ರಲ್ಲಿ, ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅಂದಾಗ, ಕಳ್ಳರಾ ನಾವು ಅಂತ ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತ್ತು. ಹೊರಗಿಂದ ಯಾವ ಹೀರೋನೂ ಬಂದಿರಲಿಲ್ಲ. ಕಥೆ ಕಲ್ಪನೆ ಅಂತ ಅವರು ಹೇಳ್ತಾರೆ, ಒಪ್ಪೋಣ. ಆದರೆ ಹೆಸರು ಕಲ್ಪನೆ ಅಲ್ಲವಲ್ಲ? ಬೆಂಗಳೂರಲ್ಲಿ ನಮ್ಮೂರು ಯಾವುದು ಅಂದರೆ ಈಗ ಎಲ್ಲರೂ “ಸಲಾಂ ರಾಕಿ ಭಾಯ್” ಅಂತಾರೆ. ನಾನೂ ನಗ್ತೀನಿ, ಏನು ಮಾಡೋದು.

2024ರ ಆಗಸ್ಟ್ 15ಕ್ಕೆ ಪಾ. ರಂಜಿತ್ ಅವರ ‘ತಂಗಲಾನ್’ ಬಂತು. ಅದರಲ್ಲಿ ನಮ್ಮ ಕುಲದವರೇ ಚಿನ್ನ ಹುಡುಕಿ ಹೊರಡ್ತಾರೆ. ಸಿನಿಮಾ ಸ್ವಲ್ಪ ಗೋಜಲು, ಇರಲಿ. ಪಕ್ಕದಲ್ಲಿ ತಾತ ಇರಲಿಲ್ಲ. ಅವರು ತೀರಿಕೊಂಡು ಮೂರು ವರ್ಷ ಆಗಿತ್ತು. ಈ ಸಲ ಏನು ಕೇಳ್ತಿದ್ದರೋ.

ಅವರ ಟ್ರಂಕಿನಲ್ಲಿ ಒಂದು ಯೂನಿಯನ್ ಚಂದಾ ರಸೀದಿ ಸಿಕ್ತು, ಮಡಿಕೆಯಲ್ಲಿ ಹರಿದಿದೆ. ನಿಮ್ಮ ಮನೆಗಳಲ್ಲೂ ಇಂಥ ರಸೀದಿ, ಸ್ಟ್ರೈಕಿನ ಕರಪತ್ರ, ಫೋಟೋ ಇರಬಹುದು. ಗುಜರಿಗೆ ಹಾಕಬೇಡಿ. ನನಗೆ ತೋರಿಸಿ, ನಕಲು ತೆಗೆದುಕೊಂಡು ವಾಪಸ್ ಕೊಡ್ತೀನಿ. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿರ್ತೀನಿ.