ಕಣ್ಣಿಗೆ ಒಂದೇ, ಎಣಿಕೆಗೆ ಬೇರೆ



ಬರೇ ಅಕ್ಷರಗಳ ಮೇಲೆ ನಡೆಯುವ ಒಂದು ಬಗೆಯ ಕಂಪ್ಯೂಟರ್ ಆಟವಿದೆ. ಹೆಸರು ಮಡ್, 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಚಿತ್ರವಿಲ್ಲ. "ಕೋಟೆ ಬಾಗಿಲು ತೆರೆಯಿತು" ಎಂದು ಸಾಲು ಬಂದರೆ "ಒಳಗೆ ಹೋಗು" ಎಂದು ನಾವು ಬರೆಯಬೇಕು. ಮಡ್ಲೆಟ್‌ನಂಥ ಪ್ರೋಗ್ರಾಮಿನಲ್ಲಿ ಈ ಮಾತು ಕಂಡೊಡನೆ ಈ ಉತ್ತರ ಕಳಿಸು ಎಂದು ಮೊದಲೇ ಹೇಳಿಡಬಹುದು. ಅದೇ ಟ್ರಿಗರ್.

ಜತ್ತದಲ್ಲಿ ನನ್ನ ಮೊಮ್ಮಗ ಗೆಳೆಯರೊಡನೆ ಇಂಥದೊಂದು ಆಟವನ್ನು ಕನ್ನಡದಲ್ಲೇ ಕಟ್ಟಿದ. ಟ್ರಿಗರ್ ಮಾತ್ರ ಏಳಲೊಲ್ಲದು. "ಅಜ್ಜಾ, ಕನ್ನಡ ಇದಕ್ಕ ಒಗ್ಗೂದಿಲ್ಲ. ಇಂಗ್ಲಿಷಿನ್ಯಾಗ ಮಾಡ್ತೀವಿ" ಅಂದ. ಆ ಮಾತು ನನಗೆ ನಾಟಿತು.

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಒಂದೊಂದೇ ನಮೂದು ನೋಡುತ್ತಿದ್ದೆವು. ಹಾಗೇ ಕೂತೆವು. ಟ್ರಿಗರ್ ಚಾಲೂ ಇತ್ತು. ಅಕ್ಷರಸಂಕೇತ ಯುಟಿಎಫ್-8, ಅದೂ ಸರಿ. ಇಡೀ ಸಾಲು ಹೊಂದಬೇಕೆಂಬ ಆಯ್ಕೆಯಿತ್ತು. ಅದರಲ್ಲಿ ಒಂದು ಚುಕ್ಕೆ ಹೆಚ್ಚಾದರೂ ಕೆಲಸ ಕೆಟ್ಟಿತು. ಸಾಲಿನ ಭಾಗ ಹೊಂದಿದರೆ ಸಾಕೆಂದು ಬದಲಿಸಿದೆವು. ಆದರೂ ಇಲ್ಲ.

ಕಡೆಗೆ "ಕೋಟೆ"ಯ ಸಂಕೇತಗಳನ್ನು ಎಣಿಸಿದೆವು. ಟ್ರಿಗರಿನಲ್ಲಿ ನಾಲ್ಕು, ಆಟದಿಂದ ಬಂದದ್ದರಲ್ಲಿ ಆರು! ಯುನಿಕೋಡಿನಲ್ಲಿ ಓಕಾರದ ಚಿಹ್ನೆ ಒಂದೇ ಸಂಕೇತವಾಗಿರಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿಯೂ ಇರಬಹುದು. ಕಣ್ಣು ಭೇದ ಕಾಣದು, ಯಂತ್ರ ಕಾಣುತ್ತದೆ. ಎರಡನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಮದ್ದು; ನಾರ್ಮಲೈಸೇಶನ್ ಎನ್ನುತ್ತಾರೆ. ಸದ್ಯಕ್ಕೆ ಪರದೆಯ ಶಬ್ದವನ್ನೇ ನಕಲು ಮಾಡಿ ಟ್ರಿಗರಿನಲ್ಲಿ ಅಂಟಿಸಿದೆವು. ಬಾಗಿಲು ತೆರೆದ ಸಾಲು ಬಂತು, "ಒಳಗೆ ಹೋಗು" ತಾನಾಗಿಯೇ ಹೋಯಿತು.

"ಮತ್ತ ಇಂಗ್ಲಿಷ್?" ಅಂದೆ.

"ಉಂಡು ಬಂದು ಉಳದ ಸಾಲೂ ತಿದ್ದತೀನಿ, ತಡಿ ಅಜ್ಜಾ" ಅಂದ.