ಹೆಲ್ಸಿಂಕಿಯ ಗೋಪುರ ಮತ್ತು ಒಂದು ಓಟ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡಾಂಗಣಕ್ಕೆ ಬಿಳಿಯ ಗೋಪುರವೊಂದಿದೆ. ಎತ್ತರ 72.71 ಮೀಟರ್. ಎಪ್ಪತ್ತೆರಡೇನೋ ಸರಿ, ಈ ಎಪ್ಪತ್ತೊಂದು ಸೆಂಟಿಮೀಟರಿನ ಬಾಲಂಗೋಚಿ ಯಾಕೆ ಎನ್ನಿಸಬಹುದು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆ ದೇಶದ ಮಟ್ಟಿ ಯಾರ್ವಿನೆನ್ ಚಿನ್ನ ಗೆದ್ದಾಗ ಅವರ ಜಾವೆಲಿನ್ ಹೋಗಿ ಬಿದ್ದದ್ದು ಸರಿಯಾಗಿ ಅಷ್ಟೇ ದೂರಕ್ಕೆ. ನೆಲದ ಮೇಲಿನ ಆ ಎಸೆತವನ್ನೇ ಫಿನ್ನರು ಆಕಾಶಕ್ಕೆ ಎತ್ತಿ ನಿಲ್ಲಿಸಿದರು.

ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟಾದ ಈ ಅಂಗಳದಲ್ಲಿ, ಅದು ತೆರೆದ ತಿಂಗಳಲ್ಲೇ, ಎಲ್ಲರ ಕಣ್ಣೆದುರು ಗೆದ್ದವರೊಬ್ಬರು ನಾಲ್ಕನೆಯವರಾದರು.

ಫಿನ್ಲೆಂಡ್ ರಷ್ಯಾದ ಹಿಡಿತದಿಂದ ಬಿಡಿಸಿಕೊಂಡದ್ದು 1917ರಲ್ಲಿ. ಆ ಪುಟ್ಟ ದೇಶಕ್ಕೆ ಹೆಸರು ತಂದುಕೊಟ್ಟವರು ಅದರ ಓಟಗಾರರು. ಒಲಿಂಪಿಕ್ಸನ್ನೇ ಮನೆಗೆ ಕರೆಯಬೇಕೆಂಬ ಆಸೆಯಿಂದ 1934ರಲ್ಲಿ ಕಟ್ಟಡದ ಕೆಲಸ ಶುರುವಾಯಿತು. ವಾಸ್ತುಶಿಲ್ಪಿಗಳು ಯರ್ಯೊ ಲಿಂಡೆಗ್ರೆನ್ ಮತ್ತು ತೊಯ್ವೊ ಯಾಂಟ್ಟಿ. ನಡುವೆ ಫುಟ್‌ಬಾಲಿಗೆ ಹುಲ್ಲಿನ ಅಂಗಳ, ಸುತ್ತ ಓಟದ ಪಥ. ಇಂಥ ಜೋಡಿ ಏರ್ಪಾಟಿನಲ್ಲಿ ಆಟ ತಮ್ಮಿಂದ ದೂರವಾಗುತ್ತದೆಂದು ಫುಟ್‌ಬಾಲ್ ಪ್ರಿಯರು ಎಲ್ಲ ಊರುಗಳಲ್ಲೂ ಗೊಣಗುತ್ತಾರೆ. ಆದರೆ ಬಡ ದೇಶವೊಂದಕ್ಕೆ ಎರಡೆರಡು ಕ್ರೀಡಾಂಗಣ ಕಟ್ಟುವುದು ಎಲ್ಲಿ ಸಾಧ್ಯ?

ಉದ್ಘಾಟನೆ 1938ರ ಜೂನ್ 12ರಂದು. ಅದೇ ತಿಂಗಳ 21ರಂದು ಅಲ್ಲಿ 100 ಮೀಟರ್ ಓಟ. ಯೆಹೂದ್ಯರ ಮಕ್ಕಾಬಿ ಸಂಘದ ಅಬ್ರಹಾಂ ಟೊಕಾಜಿಯರ್ ಎಲ್ಲರಿಗಿಂತ ಮುಂದೆ ಗುರಿ ಮುಟ್ಟಿದರು. ಧ್ವನಿವರ್ಧಕ ಅವರನ್ನೇ ವಿಜೇತರೆಂದು ಸಾರಿತು. ಆಮೇಲೆ ತೀರ್ಪು ಬದಲಾಯಿತು, ಅವರಿಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಪತ್ರಿಕೆಯಲ್ಲಿ ಬಂದ ಛಾಯಾಚಿತ್ರದಲ್ಲಿ ಮುಂದಿದ್ದವರು ಯಾರೆಂಬುದು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಯೂರೋಪಿನ ಗಾಳಿಯಲ್ಲೇ ಯೆಹೂದ್ಯ ದ್ವೇಷ ಬೆರೆತಿದ್ದ ದಿನಗಳವು. ತೀರ್ಪು ಮಾತ್ರ ಕದಲಲಿಲ್ಲ.

ಟೋಕಿಯೊ ಹಿಂದೆ ಸರಿದದ್ದರಿಂದ 1940ರ ಒಲಿಂಪಿಕ್ಸ್ ಹೆಲ್ಸಿಂಕಿಯ ಪಾಲಿಗೆ ಬಂತು. ಆದರೆ ಬಂದದ್ದು ಯುದ್ಧ. ಕೊನೆಗೂ ಕ್ರೀಡೆಗಳು ನಡೆದದ್ದು 1952ರಲ್ಲಿ. ಆ ಜುಲೈ 19ರಂದು ಜ್ಯೋತಿ ಹಿಡಿದು ಅಂಗಳಕ್ಕೆ ಓಡಿ ಬಂದವರು ಪಾವೊ ನುರ್ಮಿ. ಹಣ ಪಡೆದು ಓಡಿದರೆಂಬ ಆಪಾದನೆಯ ಮೇಲೆ 1932ರಲ್ಲಿ ಒಲಿಂಪಿಕ್ಸ್‌ನಿಂದ ಹೊರಗಿಟ್ಟಿದ್ದ ಅದೇ ನುರ್ಮಿ! ತಲೆ ಬೋಳಾಗುತ್ತಿದ್ದ, ನಡುವಯಸ್ಸು ದಾಟಿದ ಆ ಮನುಷ್ಯನನ್ನು ಕಂಡು ಇಡೀ ಕ್ರೀಡಾಂಗಣ ಭೋರ್ಗರೆಯಿತು. ಮುಂದಿನ ದಿನಗಳಲ್ಲಿ ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದರು. ಮ್ಯಾರಥಾನ್ ಅವರು ಓಡಿದ್ದು ಅದೇ ಮೊದಲು.

ಮೊದಲ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಕೂಡ 1983ರಲ್ಲಿ ಇಲ್ಲೇ ನಡೆಯಿತು. 2005ರಲ್ಲಿ ಅದು ಮತ್ತೆ ಬಂದಾಗ ಭಾರತದ ಅಂಜು ಬಾಬಿ ಜಾರ್ಜ್ ಉದ್ದಜಿಗಿತದಲ್ಲಿ ಸ್ಪರ್ಧಿಸಿದರು. 2007ರಲ್ಲಿ ಬೆಲ್ಜಿಯಂ ವಿರುದ್ಧದ ಫುಟ್‌ಬಾಲ್ ಪಂದ್ಯದ ನಡುವೆ ದೊಡ್ಡ ಗೂಬೆಯೊಂದು ಹಾರಿ ಬಂದು ಗೋಲುಕಂಬದ ಮೇಲೆ ಕುಳಿತು ಆಟವನ್ನೇ ನಿಲ್ಲಿಸಿತ್ತು. ನಮ್ಮಲ್ಲಾದರೆ ಅಪಶಕುನವೆಂದು ಶಾಂತಿ ಮಾಡಿಸುತ್ತಿದ್ದರೇನೋ, ಫಿನ್ನರು ಪಂದ್ಯ ಗೆದ್ದು ತಮ್ಮ ತಂಡವನ್ನೇ ಗೂಬೆಗಳು ಎಂದು ಕರೆದುಕೊಂಡರು. 2016ರಿಂದ 2020ರವರೆಗೆ ಕ್ರೀಡಾಂಗಣದ ಜೀರ್ಣೋದ್ಧಾರ ನಡೆಯಿತು.

ಟೊಕಾಜಿಯರ್ ಅವರ ಓಟದ ಕಥೆ ಷೆಲ್ ವೆಸ್ಟೊ ಅವರ ಕಾದಂಬರಿಯಿಂದಾಗಿ ಮತ್ತೆ ಜನರ ಬಾಯಿಗೆ ಬಂತು. 2013ರಲ್ಲಿ ಫಿನ್ಲೆಂಡಿನ ಅಥ್ಲೆಟಿಕ್ಸ್ ಸಂಸ್ಥೆ ಕ್ಷಮೆ ಕೇಳಿ ಫಲಿತಾಂಶವನ್ನು ತಿದ್ದಿತು. ಓಟ ಮುಗಿದು ಆಗ 75 ವರ್ಷ. ಗೆದ್ದವರು ತೀರಿಕೊಂಡದ್ದು 1976ರಲ್ಲೇ.