ಈ ಸಲ ಯಾವ ಧಾರಾವಾಹಿ ನೋಡೋಣು?

ಲಚ್ಯಾಣ, ಇಂಡಿ, ಸಿಂದಗಿ ಕಡೆಯ ಮನೆಗಳಲ್ಲಿ ಹೊಲದ ಕೆಲಸ ತೀರಿ ರೊಟ್ಟಿ ಬಡಿಯುವ ಹೊತ್ತಿಗೆ ಟಿವಿ ಹಚ್ಚುತ್ತಾರೆ. ಅರ್ಧ ತಾಸಿಗೊಂದು ಕಥೆ. ಒಂದು ಮುಗಿಯಿತೆಂದರೆ ಆ ಜಾಗಕ್ಕೆ ಹೊಸದೊಂದರ ಪ್ರೋಮೋ ತಯಾರು. ಯಾವ ಚಾನೆಲ್ಲು, ಎಷ್ಟು ಗಂಟೆಗೆ ಅನ್ನುವುದೆಲ್ಲ ನಿಮಗೆ ಬಾಯಿಪಾಠವಿದೆ, ಅದನ್ನು ಬಿಡುತ್ತೇನೆ. ನನ್ನದು ಒಂದೇ ಮಾತು: ಹೊಸ ಧಾರಾವಾಹಿ ಆರಿಸುವಾಗ ಅದರೊಳಗಿನ ಮಂದಿ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಅನ್ನುವುದನ್ನು ಮೊದಲು ನೋಡಿ.

ಆರಿಸುವ ಭಾಗ್ಯವೇ ನಮ್ಮ ವಿಜಾಪುರ ಜಿಲ್ಲೆಗೆ ತಡವಾಗಿ ಬಂದದ್ದು. 1975ರ ಆಗಸ್ಟ್ 1ರಂದು ‘ಸೈಟ್’ ಪ್ರಯೋಗ ಶುರುವಾದಾಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಬಂತು. ಕರ್ನಾಟಕದಲ್ಲಿ ಅದು ಬಂದದ್ದು ಬೆಂಗಳೂರಿಗಲ್ಲ, ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಊರಿಗೊಂದು ಟಿವಿ, ಬಂದದ್ದನ್ನು ಎಲ್ಲರೂ ಕೂಡಿ ನೋಡಬೇಕು. ಇಂದು ರಿಮೋಟು ಕೈಯಲ್ಲಿದೆ, ಆದರೆ ಎಷ್ಟೋ ಮನೆಗಳಲ್ಲಿ ಬಂದದ್ದನ್ನು ನೋಡುವ ರೂಢಿ ಮಾತ್ರ ಹಾಗೇ ಉಳಿದಿದೆ.

ದುಡಿಮೆಯನ್ನೇ ಯಾಕೆ ನೋಡಬೇಕು? ದಿನಾ ಬರುವ ಕಥೆಗೆ ದಿನಾ ಒಂದು ಘಟನೆ ಬೇಕು. ಪಾತ್ರಕ್ಕೆ ಕೆಲಸವಿದ್ದರೆ ಘಟನೆ ಆ ಕೆಲಸದಿಂದಲೇ ಹುಟ್ಟುತ್ತದೆ: ಸಾಲ, ಸಂಬಳ, ಗಿರಾಕಿ, ಮೇಲಧಿಕಾರಿ. ಕೆಲಸವಿಲ್ಲದ ದೊಡ್ಡ ಬಂಗಲೆಯ ಮಂದಿಗೆ ಬಾಗಿಲ ಸಂದಿಯಲ್ಲಿ ಕದ್ದು ಕೇಳುವುದು, ಹಾಲಿಗೆ ವಿಷ ಬೆರೆಸುವುದು, ನೆನಪು ಕಳೆದುಕೊಳ್ಳುವುದು ಬಿಟ್ಟರೆ ಬೇರೇನು ಉಳಿಯುತ್ತದೆ? 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ ತಂದ ‘ಮಾಯಾಮೃಗ’ದಲ್ಲಿ ಮಧ್ಯಮ ವರ್ಗದ ಮನೆಗಳ ನೌಕರಿ, ಮದುವೆ, ದುಡ್ಡಿನ ಚಿಂತೆಯೇ ಕಥೆಯಾಯಿತು. ಮುಂದೆ ಸೀತಾರಾಮರ ಧಾರಾವಾಹಿಗಳ ವಕೀಲ ಪಾತ್ರ ಸಿ.ಎಸ್.ಪಿ. ಕೋರ್ಟಿನಲ್ಲಿ ನಿಂತರೆ ಒಂದೊಂದು ಪ್ರಕರಣದಲ್ಲೂ ಒಂದೊಂದು ಬದುಕು ಬಿಚ್ಚಿಕೊಳ್ಳುತ್ತಿತ್ತು.

ಕೆಲಸದಿಂದಲೇ ಕಥೆ ಹುಟ್ಟುತ್ತದೆ ಅನ್ನುವುದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಟಿ ಉಮಾಶ್ರೀ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಅವರು ಗಂಡ ಬಿಟ್ಟ ಹೆಂಗಸು. ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವವಳು. ಆ ಪಾತ್ರದ ಸ್ವಾಭಿಮಾನವೆಲ್ಲ ಒಲೆಯ ಮುಂದಿನ ದುಡಿಮೆಯಿಂದ ಬಂದದ್ದು. ಇಂಥದನ್ನು ನಟಿಸುವ ಶಕ್ತಿ ಉಮಾಶ್ರೀಯವರಿಗೆ ರಂಗಭೂಮಿ ಕೊಟ್ಟದ್ದು. ದೇವನೂರ ಮಹಾದೇವರ ‘ಒಡಲಾಳ’ ನಾಟಕವಾದಾಗ ಸಾಕವ್ವನಾಗಿ ನಿಂತವರು ಅವರೇ. ಉಮಾಶ್ರೀ ಅಂದಕೂಡಲೇ ‘ಗುಲಾಬಿ ಟಾಕೀಸ್’ ಹೇಳದೆ ಮುಂದೆ ಹೋಗಲಾರೆ. ವೈದೇಹಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಚಿತ್ರ. ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಡಿಶ್ ಸಮೇತ ಬಣ್ಣದ ಟಿವಿ ಬರುತ್ತದೆ, ಮೀನುಗಾರರ ಕೇರಿಯ ಹೆಂಗಸರು ಅದರ ಮುಂದೆ ಸೇರುತ್ತಾರೆ. ಟಿವಿ ಒಬ್ಬಂಟಿ ಹೆಂಗಸಿಗೆ ಏನಾಗಬಲ್ಲದು ಅನ್ನುವುದನ್ನು ಕನ್ನಡದಲ್ಲಿ ಅಷ್ಟು ಆಳವಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಕಾಣದು. ಗುಲಾಬಿಯ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ತೆರೆಯ ಮೇಲೆ ಟಿವಿ ನೋಡುವವಳಾಗಿದ್ದ ಕಲಾವಿದೆ ಮುಂದೆ ನಮ್ಮೆಲ್ಲರ ಟಿವಿಯೊಳಗೇ ಬಂದರು! ಮುಖದ ಮೇಲೆ ಕ್ಯಾಮೆರಾ ಮೂರು ಸಲ ಎಗರದಿದ್ದರೂ, ಹಿನ್ನೆಲೆಯಲ್ಲಿ ಗುಡುಗು ಬಾರಿಸದಿದ್ದರೂ, ಬರೀ ದನಿ ತಗ್ಗಿಸಿ ಒಂದು ದೃಶ್ಯವನ್ನು ಗೆಲ್ಲುವುದು ಅವರಿಗೆ ಗೊತ್ತು. ವರ್ಷಗಟ್ಟಲೆ ಎಳೆದಾಗ ಪುಟ್ಟಕ್ಕನ ಕಥೆಯಲ್ಲೂ ಸಂಚು ಹೆಚ್ಚಿತು, ನಿಜ. ಮೆಸ್ಸಿನ ಒಲೆ ಹಿಂದೆ ಸರಿದಷ್ಟೂ ಕಥೆ ಸೊರಗಿತು ಅನ್ನುವುದು ನನ್ನ ಮಾತಿಗೇ ಪುಷ್ಟಿ.

“ದಿನವಿಡೀ ದುಡಿದು ದಣಿದವರಿಗೆ ಟಿವಿಯಲ್ಲೂ ದುಡಿಮೆಯೇ ಯಾಕೆ, ನಾಲ್ಕು ರೇಷ್ಮೆ ಸೀರೆ, ಒಂದು ಬಂಗಲೆ ನೋಡಿ ಹಗುರಾಗಬಾರದೇ?” ಅನ್ನುವವರಿದ್ದಾರೆ. ಆ ಆಸೆ ತಪ್ಪಲ್ಲ. ಆದರೆ ದಣಿದವರು ಬಯಸುವುದು ಬಂಗಲೆಯೊಂದನ್ನೇ ಆಗಿದ್ದರೆ ಪುಟ್ಟಕ್ಕ ಬಂದ ಹೊಸದರಲ್ಲೇ ಟಿಆರ್‌ಪಿಯಲ್ಲಿ ಮೊದಲ ಸ್ಥಾನಕ್ಕೆ ಏರುತ್ತಿರಲಿಲ್ಲ. “ಟಿಆರ್‌ಪಿ ಮೀಟರ್ ನಮ್ಮ ಮನೆಯಲ್ಲಿಲ್ಲ, ನಾವು ಆರಿಸಿದರೆಷ್ಟು, ಬಿಟ್ಟರೆಷ್ಟು” ಅನ್ನುವುದು ಇನ್ನೊಂದು ವಾದ. ಚಾನೆಲ್ಲಿನ ಲೆಕ್ಕಕ್ಕೆ ಅದು ಸರಿ ಇರಬಹುದು. ಆದರೆ ಸಂಜೆಯ ಅರ್ಧ ತಾಸು ನಮ್ಮದು, ನಮ್ಮ ಮಕ್ಕಳ ಕಿವಿಗೆ ಬೀಳುವ ಮಾತು ನಮ್ಮ ಮನೆಯದು.

ಮಾತು ಅಂದೆ, ಭಾಷೆಯನ್ನೂ ನೋಡಬೇಕು. 2020ರಲ್ಲಿ ಕಲರ್ಸ್ ಕನ್ನಡದ ‘ಗಿಣಿರಾಮ’ ಉತ್ತರ ಕರ್ನಾಟಕದ ಮಾತನ್ನು ನಾಯಕ ನಾಯಕಿಯ ಬಾಯಲ್ಲೇ ಇಟ್ಟಿತು, ನಗಿಸುವ ಆಳಿನ ಬಾಯಲ್ಲಲ್ಲ. ಹೊಸದರಲ್ಲಿ ಅಂಥ ಮಾತಿದೆಯೇ, ಕೇಳಿ ನೋಡಿ. ಪ್ರೋಮೋ ನಂಬಬೇಡಿ, ಒಳ್ಳೆಯ ದೃಶ್ಯವೆಲ್ಲ ಅದರಲ್ಲೇ ತೀರಿರುತ್ತದೆ. ಸಂಭಾಷಣೆ ಯಾರದೆಂದು ಹೆಸರು ಓದಿ. ಎರಡು ವಾರ ನೋಡಿ, ಪಾತ್ರಗಳು ಒಮ್ಮೆಯೂ ಕೆಲಸಕ್ಕೆ ಹೋಗದಿದ್ದರೆ ಬಿಟ್ಟುಬಿಡಿ.